ಹಟಮಾರಿ ಮೆಗ್ನೀಸಿಯಮ್ ಹಿಗ್ಗುವ ಬಗೆ

ಮೆಗ್ನೀಸಿಯಮ್ ಮಿಶ್ರಲೋಹದ ತಗಡನ್ನು ಕೋಣೆಯ ಉಷ್ಣಾಂಶದಲ್ಲಿ ಚೂಪಾಗಿ ಮಡಚಹೊರಟರೆ, ಮಡಿಕೆಯ ಹೊರಮೈಯಲ್ಲಿ ಬಹುಬೇಗ ಸೀಳು ಕಾಣಿಸಿಕೊಳ್ಳುತ್ತದೆ. ಘನ ಸೆಂಟಿಮೀಟರಿಗೆ ಕೇವಲ 1.74 ಗ್ರಾಂ ತೂಗುವ ಈ ಲೋಹದ ಹಟಕ್ಕೆ ಕಾರಣ ಅದರ ಷಟ್ಕೋನ ಹರಳುರಚನೆ. ಪರಮಾಣುಗಳ ಪದರಗಳು ಸಲೀಸಾಗಿ ಜಾರುವುದು ಮುಖ್ಯವಾಗಿ ಷಟ್ಕೋನದ ತಳಕ್ಕೆ ಸಮಾನಾಂತರವಾಗಿ ಮಾತ್ರ. ಉಳಿದ ದಿಕ್ಕುಗಳಲ್ಲಿ ಜಾರಬೇಕಾದರೆ ಶಾಖ ಬೇಕು.

ಅದೇ ಮಿಶ್ರಲೋಹದ ಗ್ರೇನ್‌ಗಳನ್ನು (ಲೋಹದೊಳಗಿನ ಪುಟ್ಟ ಹರಳುಗಳನ್ನು) ಹತ್ತು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತ, ಸಣ್ಣದಾಗಿಸಿ, ಬಿಸಿಮಾಡಿ, ನಿಧಾನವಾಗಿ ಎಳೆದರೆ ಅದು ತನ್ನ ಉದ್ದದ ಹಲವು ಪಟ್ಟು ಹಿಗ್ಗುತ್ತದೆ. ಇದನ್ನು ಸೂಪರ್‌ಪ್ಲಾಸ್ಟಿಸಿಟಿ ಎನ್ನುತ್ತಾರೆ. ಇದು ಮೆಗ್ನೀಸಿಯಮ್ಮಿಗಷ್ಟೇ ಸೇರಿದ ಗುಣವಲ್ಲ. 1934ರಲ್ಲಿಯೇ ಪಿಯರ್ಸನ್ ಎಂಬ ಸಂಶೋಧಕರು ಬಿಸ್ಮತ್-ತವರದ ಮಿಶ್ರಲೋಹವನ್ನು ಶೇಕಡಾ 1950ರಷ್ಟು ಹಿಗ್ಗಿಸಿ ತೋರಿಸಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಆ ಉದ್ದವಲ್ಲ, ಎಳೆದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕಾಣುವ ದೃಶ್ಯ. ಮಾದರಿಯು ಐದಾರು ಪಟ್ಟು ಉದ್ದವಾಗಿದ್ದರೂ ಅದರೊಳಗಿನ ಗ್ರೇನ್‌ಗಳು ಮೊದಲಿನಂತೆ ಬಹುಮಟ್ಟಿಗೆ ದುಂಡಗೇ ಉಳಿದಿರುತ್ತವೆ. ಅಂದರೆ ಅವು ತಾವು ಹಿಗ್ಗದೆ, ತಮ್ಮ ಅಂಚುಗಳ ಗುಂಟ ಸರಿದು, ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಸಾಗುವವರಂತೆ ನೆರೆಯನ್ನು ಬದಲಿಸಿಕೊಂಡಿರುತ್ತವೆ. ಹೀಗೆ ಸರಿಯುವಾಗ ವೇಗ ನಾಲ್ಕು ಪಟ್ಟಾದರೆ ಬೇಕಾಗುವ ಒತ್ತಡ ಸರಿಸುಮಾರು ಎರಡು ಪಟ್ಟಾಗುತ್ತದೆ. ಆದ್ದರಿಂದ ಎಲ್ಲಾದರೂ ಒಂದೆಡೆ ಮಾದರಿ ಸಪೂರವಾಗತೊಡಗಿದರೆ, ಅಲ್ಲಿ ಹಿಗ್ಗುವ ವೇಗ ಹೆಚ್ಚಿ, ಆ ಜಾಗವೇ ಗಟ್ಟಿಯಾಗಿ ನಿಂತು, ಹಿಗ್ಗುವ ಕೆಲಸವನ್ನು ಅಕ್ಕಪಕ್ಕದ ದಪ್ಪ ಭಾಗಗಳಿಗೆ ದಾಟಿಸುತ್ತದೆ.

ತೊಡಕಿರುವುದು ಶಾಖದಲ್ಲಿಯೇ. ಅಂಚುಗಳು ಸರಿಯಲು ಬೇಕಾದ ಬಿಸಿಯೇ ಗ್ರೇನ್‌ಗಳನ್ನು ಬೆಳೆಸಿ ಅಂಚುಗಳನ್ನು ಕಡಿಮೆಮಾಡುತ್ತದೆ. ಶೇಕಡಾ 9ರಷ್ಟು ಅಲ್ಯೂಮಿನಿಯಮ್ ಇರುವ ಎಝಡ್91 ಎಂಬ ಮೆಗ್ನೀಸಿಯಮ್ ಮಿಶ್ರಲೋಹದಲ್ಲಿ, ಮೆಗ್ನೀಸಿಯಮ್ ಮತ್ತು ಅಲ್ಯೂಮಿನಿಯಮ್ ಕೂಡಿ ಆದ ಸಂಯುಕ್ತದ ಸಣ್ಣ ಕಣಗಳು ಅಂಚುಗಳಿಗೆ ಮೊಳೆ ಹೊಡೆದಂತೆ ನಿಂತು ಆ ಬೆಳವಣಿಗೆಯನ್ನು ತಡೆಯುತ್ತವೆ. ಶೇಕಡಾ 3ರಷ್ಟು ಮಾತ್ರ ಅಲ್ಯೂಮಿನಿಯಮ್ ಇರುವ ಎಝಡ್31ರಲ್ಲಿ ಈ ಕಾವಲು ದುರ್ಬಲ.

2008ರಲ್ಲಿ ಫಿಗೇರೆಡೊ ಮತ್ತು ಲ್ಯಾಂಗ್ಡನ್ ಎಂಬ ಸಂಶೋಧಕರು, ಮೊಳಕೈಯಂತೆ ಬಾಗಿದ ಕೊಳವೆಯೊಳಗೆ ಒತ್ತಿ ತಳ್ಳಿ ಗ್ರೇನ್ ಸಣ್ಣದಾಗಿಸಿದ ಮೆಗ್ನೀಸಿಯಮ್ಮಿನ ಝಡ್‌ಕೆ60 ಮಿಶ್ರಲೋಹವು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 3050ರಷ್ಟು ಹಿಗ್ಗಿದ್ದನ್ನು ವರದಿ ಮಾಡಿದರು. ಬೆರಗಾಗುವ ಮೊದಲು ಒಂದು ಕೈಲೆಕ್ಕ ಹಾಕುವುದು ಒಳ್ಳೆಯದು. ಪ್ರತಿ ಸೆಕೆಂಡಿಗೆ ಮೂಲ ಉದ್ದದ ಹತ್ತುಸಾವಿರದಲ್ಲಿ ಒಂದು ಭಾಗದಂತೆ ಎಳೆದರೆ ಅಷ್ಟು ಹಿಗ್ಗಲು ಸುಮಾರು 85 ಗಂಟೆ, ಅಂದರೆ ಮೂರೂವರೆ ದಿನ ಬೇಕು. ದಾಖಲೆಗೆ ಇದು ಸರಿ, ಕಾರ್ಖಾನೆಗೆ ಅಲ್ಲ. ಬಿಸಿ ತಗಡನ್ನು ಅನಿಲದ ಒತ್ತಡದಿಂದ ಅಚ್ಚಿನೊಳಕ್ಕೆ ಉಬ್ಬಿಸುವವರಿಗೆ ಶೇಕಡಾ 300 ಧಾರಾಳ ಸಾಕು, ಆದರೆ ಅದು ನೂರು ಪಟ್ಟು ವೇಗದಲ್ಲಿ ದಕ್ಕಬೇಕು. ಆಗ ಕೆಲಸ ಐದು ನಿಮಿಷದ್ದು. ಅಂಥ ವೇಗಕ್ಕೆ ಗ್ರೇನ್ ಇನ್ನೂ ಸಣ್ಣದಾಗಿ, ಒಂದು ಮೈಕ್ರಾನಿನ ಆಸುಪಾಸಿಗೆ ಇಳಿಯಬೇಕಾಗುತ್ತದೆ.