ದುಬೈಯಲ್ಲಿ ಎಲ್ಲಿ ಉಳಿದುಕೊಳ್ಳಬೇಕು: ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವವರಿಗೆ

ದುಬೈ ಪ್ರವಾಸಕ್ಕೆ ತಯಾರಿ ನಡೆಸುವವರು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್ ಕೊಳ್ಳುತ್ತಾರೆ, ಆಮೇಲೆ ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ, ಕಟ್ಟಕಡೆಗೆ ಎಲ್ಲಿ ಕೋಣೆ ಅಗ್ಗವಾಗಿ ಸಿಗುತ್ತದೆಯೋ ಅಲ್ಲಿ ಕಾಯ್ದಿರಿಸುತ್ತಾರೆ. ಈ ಕ್ರಮವನ್ನು ತಿರುವಿಹಾಕಿ, ಉಳಿಯುವ ಬಡಾವಣೆಯನ್ನೇ ಮೊದಲು ನಿಶ್ಚಯಿಸಬೇಕು ಎಂಬುದು ಅಪ್ಪ, ಅಮ್ಮ ಮತ್ತು ಶಾಲೆಗೆ ಹೋಗುವ ಮಗಳೊಂದಿಗೆ ಅಲ್ಲಿಗೆ ಹೋಗಿಬಂದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ. ಬೆಂಗಳೂರಿನಂತೆ ದುಬೈ ಸುತ್ತಲೂ ಹರಡಿಕೊಂಡ ಊರಲ್ಲ. ಕಡಲಿನ ಅಂಚಿಗೆ ಉದ್ದಕ್ಕೆ ಚಾಚಿಕೊಂಡ ಊರು. ಒಂದು ತುದಿಯಲ್ಲಿ ಕ್ರೀಕ್ ಎಂದು ಕರೆಯುವ ಹಿನ್ನೀರು, ಅದರ ಎರಡು ದಡಗಳಲ್ಲಿ ಹಳೆಯ ಪಟ್ಟಣ. ನಡುವೆ ಬುರ್ಜ್ ಖಲೀಫಾ. ಅಲ್ಲಿಂದ ಶೇಖ್ ಜಾಯೆದ್ ರಸ್ತೆಯನ್ನು ಹಿಡಿದು ನೈಋತ್ಯಕ್ಕೆ ಸಾಗಿದರೆ ದುಬೈ ಮರೀನಾ, ಅದನ್ನೂ ದಾಟಿದರೆ ಜಬೆಲ್ ಅಲಿ. ಹಳೆಯ ಪಟ್ಟಣದಿಂದ ಮರೀನಾಕ್ಕೆ ಮೆಟ್ರೊದಲ್ಲಿಯೇ ಮುಕ್ಕಾಲು ಗಂಟೆಯಷ್ಟು ಹಿಡಿಯುತ್ತದೆ. ಆದ್ದರಿಂದ ಎಲ್ಲಿ ಉಳಿದರೂ ಯಾವುದಾದರೊಂದು ಸ್ಥಳ ದೂರವಾಗಿಯೇ ಇರುತ್ತದೆ. ಹಗಲಿನಲ್ಲಿ ಏನು ನೋಡುತ್ತೇವೆ ಎಂಬುದಕ್ಕಿಂತ, ಬೆಳಗ್ಗೆ ಏಳುವಾಗ ಮತ್ತು ಸಂಜೆ ದಣಿದು ಹಿಂದಿರುಗುವಾಗ ಕೋಣೆಯ ಸುತ್ತಮುತ್ತ ಏನಿರಬೇಕು ಎಂಬುದನ್ನು ನೋಡಿ ಬಡಾವಣೆಯನ್ನು ಆರಿಸುವುದು ಒಳ್ಳೆಯದು.

ನಾವು ಉಳಿದದ್ದು ಹಳೆಯ ಪಟ್ಟಣದ ಭಾಗವಾದ ಬರ್ ದುಬೈಯಲ್ಲಿ, ಬುರ್ಜುಮಾನ್ ಮೆಟ್ರೊ ನಿಲ್ದಾಣದಿಂದ ಹಿರಿಯರೂ ನಿಧಾನವಾಗಿ ನಡೆದು ತಲುಪಬಹುದಾದ ದೂರದಲ್ಲಿ. ದುಬೈ ಮೆಟ್ರೊದ ಕೆಂಪು ಮಾರ್ಗ 2009ರಲ್ಲಿ, ಹಸಿರು ಮಾರ್ಗ 2011ರಲ್ಲಿ ಆರಂಭವಾದವು. ಅವೆರಡೂ ಕೂಡುವ ನಿಲ್ದಾಣಗಳು ಎರಡೇ, ಕ್ರೀಕ್‌ನ ಆಚೆಯ ದಡದಲ್ಲಿ ಯೂನಿಯನ್, ಈಚೆಯ ದಡದಲ್ಲಿ ಬುರ್ಜುಮಾನ್. ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನಿಂದ ಕೆಂಪು ಮಾರ್ಗದಲ್ಲಿ ಬುರ್ಜುಮಾನ್ ಆರನೆಯ ನಿಲ್ದಾಣ, ಬುರ್ಜುಮಾನ್‌ನಿಂದ ಬುರ್ಜ್ ಖಲೀಫಾ ಮತ್ತೆ ಆರನೆಯದು. ಹಸಿರು ಮಾರ್ಗದಲ್ಲಾದರೆ ಎರಡನೆಯ ನಿಲ್ದಾಣವೇ ಅಲ್ ಗುಬೈಬಾ. ಅಲ್ಲಿನ ಬಸ್ ನಿಲ್ದಾಣದಿಂದ ಅಬು ಧಾಬಿಗೂ ಶಾರ್ಜಾಗೂ ಬಸ್ಸುಗಳಿವೆ. ಮುಂದಕ್ಕೆ ಹೋದರೆ ರೈಲು ನೀರಿನ ಅಡಿಯಿಂದ ಸಾಗಿ ಅಲ್ ರಾಸ್, ಗೋಲ್ಡ್ ಸೂಕ್ ನಿಲ್ದಾಣಗಳಿಗೆ ತಲುಪಿಸುತ್ತದೆ. ಮಾರ್ಗ ಬದಲಿಸುವ ತೊಡಕಿಲ್ಲದೆ ಎರಡೂ ದಿಕ್ಕಿಗೆ ಹೊರಡಬಹುದಾದ ಇಂಥ ಜಾಗ ಮಂಡಿನೋವಿರುವ ಹಿರಿಯರ ಜೊತೆಗೆ ಹೋಗುವವರಿಗೆ ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು ಒತ್ತಿ ಹೇಳಲೇಬೇಕು.

ಬರ್ ದುಬೈಯ ಇನ್ನೊಂದು ಗುಣ ಅದರ ಬೆಳಗು ಮತ್ತು ಸಂಜೆ. ಅಪ್ಪನಿಗೆ ಬೆಳಗಾಗುವ ಮೊದಲೇ ಎದ್ದು ನಡೆಯುವ ಅಭ್ಯಾಸ. ಮೀನಾ ಬಜಾರಿನ ಬೀದಿಗಳನ್ನು ದಾಟಿ ಕ್ರೀಕ್‌ನ ದಡದವರೆಗೆ ಹೋಗಿ, ಸರಕು ತುಂಬಿಕೊಂಡ ಮರದ ಹಡಗುಗಳನ್ನು ನೋಡಿ, ದಾರಿಯಲ್ಲಿ ಇಡ್ಲಿಯನ್ನೋ ಕಾಫಿಯನ್ನೋ ಮುಗಿಸಿಕೊಂಡು ಅವರು ಒಬ್ಬರೇ ಹಿಂದಿರುಗುತ್ತಿದ್ದರು. ಹಿಂದಿ ಬಂದರೆ ಆ ಬೀದಿಗಳಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಬಟ್ಟೆ ಅಂಗಡಿಗಳ ಸೂಕ್ (ಹಳೆಯ ಪೇಟೆ) ಪಕ್ಕದಲ್ಲಿಯೇ ಹೂಮಾಲೆ, ಕುಂಕುಮ, ಊದುಬತ್ತಿ ಮಾರುವ ಇಕ್ಕಟ್ಟಾದ ಓಣಿಯಿದೆ. ಅಲ್ಲಿಯವರು ಅದನ್ನು ಹಿಂದಿ ಲೇನ್ ಎನ್ನುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಗಾಳಿಯನ್ನು ಒಳಗೆ ಇಳಿಸುವ ಗೋಪುರಗಳಿರುವ ಹಳೆಯ ಮನೆಗಳ ಅಲ್ ಫಹೀದಿ ಪ್ರದೇಶ ಮತ್ತು ಅದಕ್ಕೆ ಹೊಂದಿಕೊಂಡ ಅಲ್ ಸೀಫ್. ಸಂಜೆ ಅಬ್ರಾ ಎಂಬ ಮರದ ದೋಣಿಯಲ್ಲಿ ಒಂದೇ ದಿರ್ಹಮ್ ಕೊಟ್ಟು ಕ್ರೀಕ್ ದಾಟಿದರೆ ಆಚೆ ಮಸಾಲೆ ಸೂಕ್, ಚಿನ್ನದ ಸೂಕ್. ಇಡೀ ದುಬೈಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸೊಗಸಾದ ಪಯಣ ಮತ್ತೊಂದಿಲ್ಲ. ನಮ್ಮ ಮನೆಯವರೆಲ್ಲರಿಗೂ ಎತ್ತರದ ಕಟ್ಟಡಗಳಿಗಿಂತ ಇದೇ ಹೆಚ್ಚು ಹಿಡಿಸಿತು. ದೋಣಿಯ ಸುತ್ತ ಕಟಕಟೆಯಿಲ್ಲದಿರುವುದರಿಂದ ಚಿಕ್ಕ ಮಕ್ಕಳನ್ನು ನಡುವೆ ಕೂರಿಸಿಕೊಳ್ಳಬೇಕು, ಹತ್ತುವಾಗ ಹಿರಿಯರ ಕೈ ಹಿಡಿಯಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬರ್ ದುಬೈ ಮತ್ತು ಆಚೆ ದಡದ ದೇರಾದ ಕೆಲವು ಅಗ್ಗದ ಹೋಟೆಲುಗಳೊಳಗೆ ರಾತ್ರಿ ಬಹಳ ಹೊತ್ತಿನವರೆಗೆ ಸಂಗೀತದ ಅಬ್ಬರವಿರುವ ಬಾರುಗಳಿರುತ್ತವೆ. ಸಂಸಾರದೊಂದಿಗೆ ಹೋಗುವವರು ಕಾಯ್ದಿರಿಸುವ ಮೊದಲು ಇತ್ತೀಚಿನ ಕೆಲವು ತಿಂಗಳುಗಳಲ್ಲಿ ಅಲ್ಲಿ ಉಳಿದವರು ಬರೆದ ಅಭಿಪ್ರಾಯಗಳಲ್ಲಿ ರಾತ್ರಿಯ ಸದ್ದಿನ ಬಗ್ಗೆ ದೂರಿದೆಯೇ ಎಂದು ನೋಡುವುದು ಅಗತ್ಯ. ಅದಕ್ಕಿಂತ ನಿಶ್ಚಿಂತೆಯ ದಾರಿಯೆಂದರೆ ಹೋಟೆಲ್ ಅಪಾರ್ಟ್‌ಮೆಂಟ್. ಅಡುಗೆಮನೆ, ಫ್ರಿಜ್, ಬಟ್ಟೆ ತೊಳೆಯುವ ಯಂತ್ರ ಇರುವ ಇಂಥ ವಸತಿಗಳು ಈ ಭಾಗದಲ್ಲಿ ಹೇರಳವಾಗಿವೆ, ಬಾಡಿಗೆಯೂ ಮಿತವಾಗಿರುತ್ತದೆ. ಅಮ್ಮ ರಾತ್ರಿಗೆ ಅನ್ನ, ತಿಳಿಸಾರು ಮಾಡಿದ ದಿನಗಳಲ್ಲಿ ಹೊರಗೆ ಹುಡುಕಾಡುವ ದಣಿವೇ ಇರಲಿಲ್ಲ. ಆದರೆ ಮನೆಯಿಂದ ಅಡುಗೆ ಸಾಮಾನು ಒಯ್ಯುವವರು ಗಸಗಸೆಯನ್ನು ಯಾವ ರೂಪದಲ್ಲಿಯೂ ಇಟ್ಟುಕೊಳ್ಳಬಾರದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಅದು ನಿಷಿದ್ಧ ವಸ್ತು. ಮಸಾಲೆಪುಡಿಯಲ್ಲಿ ಬೆರೆತಿದ್ದರೂ ತೊಂದರೆಯಾಗಬಹುದು. ಹಿರಿಯರ ಔಷಧಿಗಳಲ್ಲಿ ನಿದ್ರೆಯ ಅಥವಾ ತೀವ್ರ ನೋವಿನ ಮಾತ್ರೆಗಳಿದ್ದರೆ ಅವು ಅಲ್ಲಿನ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿವೆಯೇ ಎಂದು ಮೊದಲೇ ಪರಿಶೀಲಿಸಿ, ಇದ್ದರೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಪಡೆದು, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು.

ಬುರ್ಜುಮಾನ್‌ಗೆ ಹೊಂದಿಕೊಂಡೇ ಇರುವ ಕರಾಮಾ, ಊಟವನ್ನೇ ಮುಖ್ಯವಾಗಿ ಎಣಿಸುವವರಿಗೆ ಬರ್ ದುಬೈಗಿಂತಲೂ ಮೇಲು. ಎತ್ತರವಿಲ್ಲದ ಹಳೆಯ ಕಟ್ಟಡಗಳು, ಕೆಳಗಡೆ ಅಂಗಡಿ, ಮೇಲೆ ಮನೆ. ಬಹುಕಾಲದಿಂದ ಭಾರತೀಯ ಸಂಸಾರಗಳು ನೆಲೆಸಿದ ಬಡಾವಣೆಯಾದ್ದರಿಂದ ತರಕಾರಿ, ದೋಸೆಹಿಟ್ಟು, ತೆಂಗಿನಕಾಯಿ ಎಲ್ಲವೂ ಕೈಗೆಟುಕುತ್ತವೆ. ಶರವಣ ಭವನದಂಥ ದಕ್ಷಿಣ ಭಾರತದ ಶಾಕಾಹಾರಿ ಹೋಟೆಲುಗಳು, ಕೇರಳದ ಮೀನೂಟದ ಮನೆಗಳು ಒಂದರ ಪಕ್ಕ ಒಂದಿವೆ. ಬೀದಿಯಲ್ಲಿ ಮಲಯಾಳ ಹೆಚ್ಚು ಕೇಳಿಸಿದರೂ ತುಳು, ಕೊಂಕಣಿ, ಮಂಗಳೂರು ಕಡೆಯ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಜಬೀಲ್ ಪಾರ್ಕ್ ಮತ್ತು ಅಲ್ಲಿ ನಿಂತಿರುವ 150 ಮೀಟರ್ ಎತ್ತರದ, ಚೌಕಟ್ಟಿನ ಆಕಾರದ ಕಟ್ಟಡ ದುಬೈ ಫ್ರೇಮ್ ಇಲ್ಲಿಗೆ ಸಮೀಪ. ಕೆಂಪು ಮಾರ್ಗದ ಎಡಿಸಿಬಿ ನಿಲ್ದಾಣ ಇದರ ಅಂಚಿನಲ್ಲಿದೆ. ಕರಾಮಾದಲ್ಲಿ ಪ್ರವಾಸಿ ಹೋಟೆಲುಗಳ ಸಂಖ್ಯೆ ಕಡಿಮೆ ಎಂಬುದೊಂದೇ ಕೊರತೆ. ಹಾಗಾಗಿ ಇಲ್ಲಿ ಬೇಕೆನ್ನುವವರು ಬೇಗ ಕಾಯ್ದಿರಿಸಬೇಕು.

ಕ್ರೀಕ್‌ನ ಆಚೆಯ ದೇರಾ ವಿಮಾನ ನಿಲ್ದಾಣಕ್ಕೆ ಇನ್ನೂ ಹತ್ತಿರ, ಕೋಣೆಗಳು ಇನ್ನೂ ಅಗ್ಗ. ಚಿನ್ನ, ಸುಗಂಧದ್ರವ್ಯ, ಒಣಹಣ್ಣು ಕೊಳ್ಳುವುದೇ ಪ್ರವಾಸದ ಉದ್ದೇಶವಾದರೆ, ಅಥವಾ ಎರಡು ರಾತ್ರಿ ತಂಗಿ ಮುಂದಕ್ಕೆ ಬೇರೆ ದೇಶಕ್ಕೆ ಹೊರಡುವವರಾದರೆ, ದೇರಾವನ್ನು ಆರಿಸುವುದರಲ್ಲಿ ಅರ್ಥವಿದೆ. ಅಲ್ಲಿಯೂ ಅಲ್ ರಿಗ್ಗಾ ಅಥವಾ ಯೂನಿಯನ್ ನಿಲ್ದಾಣದ ಸುತ್ತ ನೋಡಬೇಕೇ ಹೊರತು ಸೂಕ್‌ಗಳ ಒಳಗಿನ ಓಣಿಗಳಲ್ಲಲ್ಲ; ಓಣಿಗಳೊಳಗೆ ಟ್ಯಾಕ್ಸಿ ಹೋಟೆಲಿನ ಬಾಗಿಲವರೆಗೆ ಬರುವುದು ಕಷ್ಟ, ಸಂಜೆಯ ಜನಸಂದಣಿಯಲ್ಲಿ ಸೂಟ್‌ಕೇಸ್ ಎಳೆಯುವುದು ಅದಕ್ಕಿಂತ ಕಷ್ಟ.

ಬುರ್ಜ್ ಖಲೀಫಾದ ಸುತ್ತಲಿನ ಡೌನ್‌ಟೌನ್ ದುಬಾರಿ. 828 ಮೀಟರಿನ ಆ ಕಟ್ಟಡವನ್ನು ಕೋಣೆಯ ಕಿಟಕಿಯಿಂದಲೇ ಕಾಣಬೇಕೆಂಬ ಬಯಕೆಯಿರುವ ನವದಂಪತಿಗಳಿಗೆ ಅದು ಸರಿ. ಅದನ್ನು ಒಂದು ಸಂಜೆ ನೋಡಿ ಬರುವವರು ಅಲ್ಲಿ ಉಳಿಯಬೇಕಾಗಿಲ್ಲ. ಮೆಟ್ರೊ ನಿಲ್ದಾಣದ ಹೆಸರಿನಲ್ಲಿ ಬುರ್ಜ್ ಖಲೀಫಾ, ದುಬೈ ಮಾಲ್ ಎರಡೂ ಇದ್ದರೂ, ನಿಲ್ದಾಣದಿಂದ ಮಾಲ್‌ಗೆ ಹವಾನಿಯಂತ್ರಿತ ಮೇಲ್ಸೇತುವೆಯಲ್ಲಿ ಬಹಳ ದೂರ ಸಾಗಬೇಕು. ಅಲ್ಲಲ್ಲಿ ಚಲಿಸುವ ಪಟ್ಟಿಗಳಿದ್ದರೂ ಹಿರಿಯರಿಗೆ ಅದು ದೀರ್ಘ ನಡಿಗೆಯೇ. ಅಂಥವರನ್ನು ಟ್ಯಾಕ್ಸಿಯಲ್ಲಿ ನೇರವಾಗಿ ಮಾಲ್ ಬಾಗಿಲಿಗೆ ಕರೆದೊಯ್ಯುವುದು ಮೇಲು.

ಕಡಲತೀರವೇ ಬೇಕೆನ್ನುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಮಕ್ಕಳು ದಿನವೂ ನೀರಿಗೆ ಇಳಿಯಬೇಕು, ಸಂಜೆ ದಡದಲ್ಲಿ ಅಡ್ಡಾಡಬೇಕು ಎಂದಿದ್ದರೆ ಮರೀನಾ ಮತ್ತು ಅದಕ್ಕೆ ಸೇರಿದ ಜೆಬಿಆರ್ (ಜುಮೇರಾ ಬೀಚ್ ರೆಸಿಡೆನ್ಸ್) ತೀರಕ್ಕೆ ಸಮನಾದದ್ದಿಲ್ಲ. 2014ರಿಂದ ಓಡುತ್ತಿರುವ ಟ್ರಾಮ್ ಆ ಭಾಗವನ್ನು ಮೆಟ್ರೊಗೆ ಜೋಡಿಸುತ್ತದೆ. ಬಾಡಿಗೆ ಹೆಚ್ಚೆನಿಸಿದರೆ ಒಂದಿಷ್ಟು ಹಿಂದಿರುವ ಅಲ್ ಬರ್ಷಾದಲ್ಲಿ, ಮಾಲ್ ಆಫ್ ದಿ ಎಮಿರೇಟ್ಸ್ ನಿಲ್ದಾಣದ ಆಸುಪಾಸಿನಲ್ಲಿ, ಮಧ್ಯಮ ದರದ ಒಳ್ಳೆಯ ಹೋಟೆಲುಗಳು ಸಿಗುತ್ತವೆ. ಕೆಲವರು ಪ್ರವಾಸದ ಅರ್ಧದಷ್ಟು ದಿನಗಳನ್ನು ಹಳೆಯ ಪಟ್ಟಣದಲ್ಲಿ, ಉಳಿದರ್ಧವನ್ನು ಮರೀನಾದಲ್ಲಿ ಕಳೆಯುವ ಯೋಜನೆ ಹಾಕುತ್ತಾರೆ. ಐದು ರಾತ್ರಿಗಿಂತ ಕಡಿಮೆ ಇರುವವರಿಗೆ ಇದು ಬೇಡ. ಕೋಣೆ ಬಿಡುವ ಹೊತ್ತಿಗೂ ಹೊಸ ಕೋಣೆ ಸಿಗುವ ಹೊತ್ತಿಗೂ ನಡುವೆ ಹಿರಿಯರು ಸಾಮಾನಿನ ಜೊತೆ ಕಾಯುತ್ತಾ ಕೂರಬೇಕಾಗುತ್ತದೆ.

ಇನ್ನು ಶಾರ್ಜಾ. ಅಲ್ಲಿ ಕೋಣೆ ಅಗ್ಗ, ಮದ್ಯವಿಲ್ಲದ ಊರಾದ್ದರಿಂದ ವಾತಾವರಣವೂ ಶಾಂತ, ಬಂಧುಗಳಿರುವವರೂ ಬಹಳ. ಆದರೆ ದುಬೈಯ ಮೆಟ್ರೊ ಅಲ್ಲಿಗೆ ಹೋಗುವುದಿಲ್ಲ, ಕೆಲಸದ ದಿನಗಳಲ್ಲಿ ಬೆಳಗ್ಗೆ ದುಬೈ ಕಡೆಗೂ ಸಂಜೆ ಶಾರ್ಜಾ ಕಡೆಗೂ ರಸ್ತೆ ತುಂಬಿ ನಿಲ್ಲುತ್ತದೆ, ದುಬೈಯಿಂದ ಶಾರ್ಜಾಕ್ಕೆ ಟ್ಯಾಕ್ಸಿ ಹಿಡಿದರೆ ಹೆಚ್ಚುವರಿ ಶುಲ್ಕವೂ ಬೀಳುತ್ತದೆ. ಕೋಣೆಯಲ್ಲಿ ಉಳಿಸಿದ ಹಣ ಹೀಗೆ ರಸ್ತೆಯಲ್ಲಿ ಹೋಗುತ್ತದೆ, ಅದರೊಂದಿಗೆ ಸಮಯವೂ. ಬಂಧುಗಳ ಮನೆಯಲ್ಲಿ ಉಳಿಯುವುದಾದರೆ ಮಾತ್ರ ಶಾರ್ಜಾ.

ದೇವಸ್ಥಾನಕ್ಕೆ ಹೋಗುವ ಮನಸ್ಸಿರುವವರು ಗಮನಿಸಬೇಕಾದ ಬದಲಾವಣೆಯೊಂದಿದೆ. ಬರ್ ದುಬೈಯ ಹಳೆಯ ಶಿವ ಮಂದಿರ 2024ರ ಆರಂಭದಲ್ಲಿ ಜಬೆಲ್ ಅಲಿಗೆ ಸ್ಥಳಾಂತರಗೊಂಡಿತು. ಅಲ್ಲಿನ ದೊಡ್ಡ ಹಿಂದೂ ದೇವಾಲಯ 2022ರ ಅಕ್ಟೋಬರಿನಲ್ಲಿ ತೆರೆದಿತ್ತು. ಬರ್ ದುಬೈಯಿಂದ ಅದು ಸಾಕಷ್ಟು ದೂರವಾದ್ದರಿಂದ ಅರ್ಧ ದಿನವನ್ನು ಅದಕ್ಕೇ ಮೀಸಲಿಡಬೇಕು, ಮರೀನಾದಲ್ಲಿ ಉಳಿದವರಿಗೆ ಹತ್ತಿರ. 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಸ್ವಾಮಿನಾರಾಯಣ ಮಂದಿರ ಅಬು ಧಾಬಿಯಲ್ಲಿದೆ. ಅದನ್ನು ಅಬು ಧಾಬಿ ನೋಡುವ ದಿನಕ್ಕೆ ಸೇರಿಸಿ, ಬಸ್ಸಿಗಿಂತ ಕಾರಿನಲ್ಲಿ ಹೋಗುವುದು ಅನುಕೂಲ.

ಬಡಾವಣೆ ಯಾವುದೇ ಆಗಲಿ, ಬಂದಿಳಿಯುವ ವೇಳೆಯನ್ನು ಅದರೊಂದಿಗೆ ಹೊಂದಿಸಿ ನೋಡಬೇಕು. ಕೆಂಪು ಮಾರ್ಗ ವಿಮಾನ ನಿಲ್ದಾಣದ ಒಂದು ಮತ್ತು ಮೂರನೇ ಟರ್ಮಿನಲ್‌ಗಳಲ್ಲಿ ಮಾತ್ರ ನಿಲ್ಲುತ್ತದೆ. ಎರಡನೇ ಟರ್ಮಿನಲ್ ಓಡುದಾರಿಗಳ ಆಚೆ ಬದಿಯಲ್ಲಿದ್ದು ಅಲ್ಲಿ ಮೆಟ್ರೊ ಇಲ್ಲ. ಆದ್ದರಿಂದ ಬೆಂಗಳೂರಿನಿಂದಾಗಲಿ ಮಂಗಳೂರಿನಿಂದಾಗಲಿ ಹೊರಡುವ ಮೊದಲು ಟಿಕೆಟಿನಲ್ಲಿ ಟರ್ಮಿನಲ್ ಯಾವುದೆಂದು ನೋಡಿಕೊಳ್ಳಬೇಕು. ಮೆಟ್ರೊ ನಡುರಾತ್ರಿಗೆ ನಿಲ್ಲುತ್ತದೆ, ಶುಕ್ರವಾರ ಮಾತ್ರ ಒಂದು ಗಂಟೆಯವರೆಗೆ. ಭಾನುವಾರ ಬೆಳಗ್ಗೆ ಎಂಟಕ್ಕೆ ಆರಂಭ. ಒಬ್ಬರಿಗೆ ಒಂದು ದೊಡ್ಡ ಸೂಟ್‌ಕೇಸ್, ಒಂದು ಚಿಕ್ಕ ಚೀಲಕ್ಕಷ್ಟೇ ಅವಕಾಶ. ಮಿತಿ ಮೀರಿದ ಸಾಮಾನಿದ್ದರೆ ಟ್ಯಾಕ್ಸಿಯೇ ಗತಿ. ವಿಮಾನ ನಿಲ್ದಾಣದಿಂದ ಹೊರಡುವ ಟ್ಯಾಕ್ಸಿಯ ಮೀಟರ್ 25 ದಿರ್ಹಮ್‌ನಿಂದಲೇ ಶುರುವಾಗುತ್ತದೆ. ಬರ್ ದುಬೈ, ದೇರಾಗಳು ಹತ್ತಿರವಿರುವುದರಿಂದ ಆ ಮೊತ್ತಕ್ಕೆ ಹೆಚ್ಚೇನೂ ಸೇರುವುದಿಲ್ಲ, ಮರೀನಾಕ್ಕಾದರೆ ಬಹಳ ಸೇರುತ್ತದೆ.

ಹೋಟೆಲಿನ ಜಾಹೀರಾತಿನಲ್ಲಿ ಬರೆದ ನಿಲ್ದಾಣದ ಹೆಸರು ನಕ್ಷೆಯಲ್ಲಿ ಸಿಗದಿದ್ದರೆ ಗಾಬರಿಯಾಗಬೇಕಾಗಿಲ್ಲ. ನಿಲ್ದಾಣಗಳಿಗೆ ಪ್ರಾಯೋಜಕರ ಹೆಸರಿಡುವ ಪದ್ಧತಿ ಅಲ್ಲಿದೆ. ಹಳೆಯ ರಶೀದಿಯಾ ಈಗ ಸೆಂಟರ್‌ಪಾಯಿಂಟ್, ಅಲ್ ಜಾಫಿಲಿಯಾ ಈಗ ಮ್ಯಾಕ್ಸ್, ಹಸಿರು ಮಾರ್ಗದ ಅಲ್ ಫಹೀದಿ ಈಗ ಶರಫ್ ಡಿಜಿ, ಮರೀನಾದ ನಿಲ್ದಾಣ ಈಗ ಶೋಭಾ ರಿಯಾಲ್ಟಿ. ಹಾಗೆಯೇ ನಿಲ್ದಾಣದಿಂದ ಐದು ನಿಮಿಷ ಎಂದು ಬರೆದಿದ್ದರೆ ನಕ್ಷೆಯಲ್ಲಿ ನಡಿಗೆಯ ದಾರಿಯನ್ನೇ ಅಳೆದು ನೋಡಬೇಕು. ನಮ್ಮ ಮಕ್ಕಳಿಗೆ ರಜೆಯಿರುವ ಮೇ ತಿಂಗಳಲ್ಲಿಯೇ ಅಲ್ಲಿ ಬಿಸಿಲು ಕಠಿಣವಾಗಿರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 40 ಡಿಗ್ರಿ ದಾಟುವುದು ಸಾಮಾನ್ಯ. ಆ ದಿನಗಳಲ್ಲಿ ಅರ್ಧ ಕಿಲೋಮೀಟರ್ ನಡಿಗೆಯೂ ಹಿರಿಯರಿಗೆ ಅಪಾಯ. ಸಾಧ್ಯವಿದ್ದವರು ಪ್ರವಾಸವನ್ನು ನವೆಂಬರ್‌ನಿಂದ ಫೆಬ್ರುವರಿಯ ನಡುವೆ ಇಟ್ಟುಕೊಳ್ಳಲಿ.

ಕೋಣೆಗಳ ದರವನ್ನು ಹೋಲಿಸುವಾಗ ಪರದೆಯ ಮೇಲೆ ಕಾಣುವ ಮೊತ್ತಕ್ಕೆ 5 ಶೇಕಡಾ ವ್ಯಾಟ್, ಪುರಸಭೆಯ ಶುಲ್ಕ ಮತ್ತು ಸೇವಾ ಶುಲ್ಕ ಸೇರಿವೆಯೇ ಎಂದು ಕೇಳಿ ತಿಳಿಯಬೇಕು. ಇವುಗಳ ಜೊತೆಗೆ 2014ರಿಂದ ಟೂರಿಸಂ ದಿರ್ಹಮ್ ಎಂಬ ಶುಲ್ಕವಿದ್ದು, ಹೋಟೆಲಿನ ದರ್ಜೆಗೆ ತಕ್ಕಂತೆ ಕೋಣೆಗೆ ರಾತ್ರಿಯೊಂದಕ್ಕೆ 7ರಿಂದ 20 ದಿರ್ಹಮ್ ಆಗುತ್ತದೆ. ಮುಂಗಡವಾಗಿ ಪೂರ್ತಿ ಹಣ ಕಟ್ಟಿದವರೂ ಇದನ್ನು ಸಾಮಾನ್ಯವಾಗಿ ಹೋಟೆಲಿನಲ್ಲಿಯೇ ಕೊಡಬೇಕಾಗುತ್ತದೆ. ಕೋಣೆಗೆ ಸೇರುವಾಗ ಠೇವಣಿಯನ್ನೂ ಕೇಳುತ್ತಾರೆ, ಬಿಡುವಾಗ ಹಿಂದಿರುಗಿಸುತ್ತಾರೆ. ಆ ಹೊತ್ತಿಗೆಂದು ಒಂದಿಷ್ಟು ದಿರ್ಹಮ್ ನಗದನ್ನು ಕೈಯಲ್ಲಿಟ್ಟುಕೊಂಡು, ಮನೆಯವರೆಲ್ಲರ ಪಾಸ್‌ಪೋರ್ಟುಗಳನ್ನು ಕೈಚೀಲದ ಮೇಲ್ಭಾಗದಲ್ಲಿಯೇ ಇಟ್ಟುಕೊಂಡಿರಬೇಕು.