ನಮ್ಮ ಮಳೆ ಹೇಳೋಕೆ ಹೊರದೇಶದವರು ಯಾಕೆ ಬೇಕು?

ನಾನು ಹುಟ್ಟಿ ಬೆಳೆದದ್ದು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಈಗ ಇರೋದು ಪುಣೆಯಲ್ಲಿ. ಕೆಲಸ ಹವಾಮಾನದ ಡೇಟಾ ನೋಡಿಕೊಳ್ಳುವುದು. ಹಾಗಾಗಿ ಸಿಕ್ಕವರೆಲ್ಲ ಮೊದಲು ಕೇಳುವುದು "ಈ ಸಲ ಮಳೆ ಹೆಂಗೆ?" ಅಂತ. ಮಾತು ಸ್ವಲ್ಪ ಮುಂದೆ ಹೋದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ. ಹೋದ ಸಲ ಊರಿಗೆ ಹೋದಾಗ ನಮ್ಮ ಕಾಕಾ ಲಿಂಬೆ ತೋಟದ ಬದುವಿನ ಮೇಲೆ ಕೂತು ಅದನ್ನೇ ಕೇಳಿದರು: "ಅಲ್ಲ ಯವ್ವಾ, ನಮ್ಮ ಮಳಿ ಹೇಳಾಕ ಅಮೆರಿಕಾ, ಜಪಾನದವ್ರು ಯಾಕ ಬೇಕ? ನಮ್ಮ ಲೆಕ್ಕಾ ಅವ್ರಿಗ್ಯಾಕ ಕೊಡ್ತೀರಿ?"

ಪುಣೆಯ ನಮ್ಮ ಸೊಸೈಟಿಯಲ್ಲಿ ಪಕ್ಕದ ಮನೆಯವರು ಇದನ್ನೇ ಮರಾಠಿಯಲ್ಲಿ ಕೇಳುತ್ತಾರೆ. ಸೋಲಾಪುರದ ರೈಲಿನಲ್ಲಿ ಎದುರು ಕೂತವರೂ ಕೇಳಿದ್ದಾರೆ. ಕೆಲವರ ಮಾತಿನಲ್ಲಿ ಸಿಟ್ಟೂ ಇರುತ್ತೆ. ನಮ್ಮ ತೆರಿಗೆ ದುಡ್ಡಲ್ಲಿ ಅಳೆದು ತೆಗೆದ ಮಳೆ, ಗಾಳಿಯ ಲೆಕ್ಕ ಬೇರೆಯವರಿಗೆ ಬಿಟ್ಟಿ ಯಾಕೆ ಹೋಗಬೇಕು ಅಂತ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಕಾಗೆ ನಾನು ಮೊದಲು ನೆನಪು ಮಾಡಿಕೊಟ್ಟದ್ದು 2019ರ ಆಗಸ್ಟ್. ನಮ್ಮ ಸೋದರತ್ತೆಯ ಮನೆ ಅಥಣಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿ ದಂಡೆಯ ಹಳ್ಳಿ. ಆ ವಾರ ಅವರ ಊರಲ್ಲಿ ಹೇಳಿಕೊಳ್ಳುವಂಥ ಮಳೆ ಇರಲಿಲ್ಲ. ಮಳೆ ಸುರಿದದ್ದು ಮಹಾಬಳೇಶ್ವರದಲ್ಲಿ, ಕೊಯ್ನಾದಲ್ಲಿ, ಕೊಲ್ಹಾಪುರದ ಘಟ್ಟದಲ್ಲಿ. ಆದರೂ ನೀರು ಬಂತು. ಮೊದಲು ಕಬ್ಬಿನ ಗದ್ದೆಗೆ, ಆಮೇಲೆ ಓಣಿಗೆ, ಆಮೇಲೆ ಪಡಸಾಲೆಗೆ. ಅತ್ತೆ ದನ ಬಿಚ್ಚಿಕೊಂಡು, ಎರಡು ಚೀಲ ಜೋಳ ಹೊರಿಸಿಕೊಂಡು ಗಂಜಿ ಕೇಂದ್ರಕ್ಕೆ ಹೋದರು. ಫೋನಿನಲ್ಲಿ ಒಂದೇ ಮಾತು: "ಮಳಿನ ಇಲ್ಲ, ಇಷ್ಟ ನೀರ ಎಲ್ಲಿಂದ ಬಂತು?"

ಅವರ ಊರಿನ ಮಳೆಮಾಪಕವನ್ನು ಎಷ್ಟು ನೋಡಿದರೂ ಅದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಹಾಬಳೇಶ್ವರದ ಲೆಕ್ಕ. ಅದು ಬೇರೆ ರಾಜ್ಯ. ಕಾಕಾ ಇಷ್ಟನ್ನು ಒಪ್ಪಿದರು. "ಹೊಳಿಗೆ ಮ್ಯಾಲಿನ ಊರು ಅಂತ ಇರತೈತಿ, ಖರೆ" ಅಂದರು.

ಗಾಳಿಗೂ ಮೇಲಿನ ಊರು ಇದೆ. ನಮ್ಮ ಮುಂಗಾರಿಗೆ ಮೇಲಿನ ಊರು ಮಡಗಾಸ್ಕರ್, ಕೀನ್ಯಾ, ಸೊಮಾಲಿಯಾ. ಗಾಳಿ ಭೂಮಧ್ಯರೇಖೆಯ ಆಚೆಯಿಂದ ಹೊರಟು, ಆಫ್ರಿಕಾದ ಪೂರ್ವ ಕರಾವಳಿಯನ್ನು ಸವರಿಕೊಂಡು ಬಂದು, ಸೊಮಾಲಿಯಾದ ಹತ್ತಿರ ಜೋರು ಹಿಡಿಯುತ್ತೆ. ಅಲ್ಲಿಂದ ಅರಬ್ಬಿ ಸಮುದ್ರ ದಾಟಿ ಬಂದು ಗೋವಾ, ಕಾರವಾರ, ಮಂಗಳೂರಿನ ಹಿಂದಿರುವ ಘಟ್ಟಕ್ಕೆ ಬಡಿಯುತ್ತೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದು ಹೊಳೆಯ ಹಾಗೇ ಹರಿಯುತ್ತೆ. 1969ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟ ಫಿಂಡ್‌ಲೇಟರ್ ಎಂಬ ಹವಾಮಾನ ತಜ್ಞರ ಹೆಸರಿನಲ್ಲೇ ಅದನ್ನು ಫಿಂಡ್‌ಲೇಟರ್ ಜೆಟ್ ಅಂತ ಕರೆಯುತ್ತೇವೆ. ಈ ಗಾಳಿ ಆಫ್ರಿಕಾದ ಅಂಚಿನಲ್ಲಿ ಸೊರಗಿದರೆ ಕೆಲವು ದಿನದಲ್ಲಿ ಇಂಡಿಯ ತೊಗರಿಗೂ ಅದು ಗೊತ್ತಾಗುತ್ತೆ.

ಅದನ್ನು ಅಳೆಯುವುದು ಹೇಗೆ? ಬಲೂನು ಬಿಟ್ಟು. ಒಮ್ಮೆ ಗೋವಾದಲ್ಲಿ, ಪಣಜಿಯಲ್ಲಿ, ಇದನ್ನು ಹತ್ತಿರದಿಂದ ನೋಡಿದೆ. ಇನ್ನೂ ಬೆಳಕು ಹರಿದಿರಲಿಲ್ಲ. ಒಳಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಇರುವುದರಿಂದ ಫೋನನ್ನು ಹೊರಗೆ ಇಡಿಸಿದರು, ಹತ್ತಿ ಬಟ್ಟೆ ಹಾಕಿಕೊಂಡೇ ಬರಬೇಕು ಅಂತ ಮೊದಲೇ ಹೇಳಿದ್ದರು. ಬಿಳಿ ರಬ್ಬರಿನ ಬಲೂನು ನಿಧಾನವಾಗಿ ಊದಿಕೊಂಡು ಆಳೆತ್ತರ ಆಯಿತು. ಅದರ ಕತ್ತಿಗೆ ಹುರಿ ಬಿಗಿದು, ಕೆಳಗೆ ಉದ್ದ ದಾರ, ದಾರದ ತುದಿಗೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಪೆಟ್ಟಿಗೆ. ಬಯಲಿಗೆ ತಂದು ಕೈ ಬಿಟ್ಟರು. ನಾಲ್ಕೈದು ಉಸಿರು ಎಳೆಯುವಷ್ಟರಲ್ಲಿ ಕತ್ತಲಲ್ಲಿ ಕಾಣದಾಯಿತು.

ಆಮೇಲೆ ಎಲ್ಲ ಪರದೆಯ ಮೇಲೆ. ಉಷ್ಣತೆ, ತೇವ, ಒತ್ತಡ, ಗಾಳಿ. ಐದು ಕಿಲೋಮೀಟರ್ ದಾಟುವ ಹೊತ್ತಿಗೆ ಸೊನ್ನೆ ಡಿಗ್ರಿ. ಇನ್ನೂ ಮೇಲೆ ಹೋದಂತೆ ಮೈನಸ್ 40, ಮೈನಸ್ 70. ಕೆಳಗೆ ನಾವು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆವು. ಹೆಚ್ಚುಕಡಿಮೆ ಒಂದೂವರೆ ತಾಸಿನ ಮೇಲೆ, ಮೂವತ್ತು ಕಿಲೋಮೀಟರ್ ಹತ್ತಿರ ಬಲೂನು ಒಡೆಯಿತು. ಅಷ್ಟು ಹೊತ್ತಿಗೆ ಅದು ಒಂದು ಕೋಣೆಯಷ್ಟು ದೊಡ್ಡದಾಗಿರುತ್ತೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಅದರ ಹೊತ್ತು. ನಮ್ಮ ಗಡಿಯಾರದಲ್ಲಿ ಬೆಳಗಿನ 5:30ರ ಮತ್ತು ಸಂಜೆ 5:30ರ ಲೆಕ್ಕ. ನೈರೋಬಿಯಲ್ಲಿ ಅದು ಬೆಳಗಿನ ಜಾವ ಮೂರು ಗಂಟೆ. ಜಪಾನಿನಲ್ಲಿ ಬೆಳಗ್ಗೆ ಒಂಬತ್ತು. ಎಲ್ಲರೂ ಒಂದೇ ಹೊತ್ತಿಗೆ ಅಳೆದು, ಒಂದೇ ರೀತಿಯ ಕೋಡಿನಲ್ಲಿ ಬರೆದು, ಒಬ್ಬರಿಗೊಬ್ಬರು ಕಳಿಸುತ್ತಾರೆ. ವಿಶ್ವ ಹವಾಮಾನ ಸಂಸ್ಥೆಯ 193 ಸದಸ್ಯರ ನಡುವೆ ಈ ಒಪ್ಪಂದ ಇದೆ. 1963ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಬದ್ಧವೈರಿಗಳಾಗಿದ್ದ ಕಾಲದಲ್ಲೇ, ದೇಶಗಳೆಲ್ಲ ಸೇರಿ ಹವಾಮಾನ ಅಳೆದು ಹಂಚಿಕೊಳ್ಳುವ ವರ್ಲ್ಡ್ ವೆದರ್ ವಾಚ್ ಶುರುವಾಯಿತು. ಅದಕ್ಕೆ ಮೂರು ಜಾಗತಿಕ ಕೇಂದ್ರ ಮಾಡಿದರು: ವಾಷಿಂಗ್ಟನ್, ಮಾಸ್ಕೋ, ಮೆಲ್ಬರ್ನ್. ಕ್ಷಿಪಣಿ ಗುರಿ ಇಟ್ಟುಕೊಂಡು ಕೂತವರೂ ಇಲ್ಲಿ ಒಟ್ಟಿಗೆ ಕೆಲಸ ಮಾಡಿದರು.

ಪುಣೆಯಲ್ಲಿ ಇರುವವರಿಗೆ ಇದಕ್ಕಿಂತ ಹಳೆಯ ಕತೆಯೊಂದು ದಿನಾ ಕಣ್ಣಿಗೆ ಬೀಳುತ್ತೆ. ಶಿವಾಜಿನಗರದಲ್ಲಿ ಸಿಮ್ಲಾ ಆಫೀಸ್ ಅಂತ ಒಂದು ಬಸ್ ಸ್ಟಾಪ್ ಇದೆ. ಹೊಸದಾಗಿ ಬಂದಾಗ ನನಗೆ ಆ ಹೆಸರು ತಲೆಬುಡ ಗೊತ್ತಾಗಿರಲಿಲ್ಲ. ಎಲ್ಲಿಯ ಸಿಮ್ಲಾ, ಎಲ್ಲಿಯ ಪುಣೆ! ಬ್ರಿಟಿಷರ ಕಾಲದಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಲ್ಲಿತ್ತು. 1928ರಲ್ಲಿ ಅದು ಪುಣೆಗೆ ಬಂತು. ಕಚೇರಿಯ ಜೊತೆ ಊರಿನ ಹೆಸರೂ ಬಂತು.

ಆ ಕಚೇರಿಯನ್ನು 1904ರಿಂದ 1924ರವರೆಗೆ ನಡೆಸಿದವರು ಗಿಲ್ಬರ್ಟ್ ವಾಕರ್. ಕೇಂಬ್ರಿಜ್‌ನ ಗಣಿತದವರು. 1877ರಲ್ಲಿ, 1899ರಲ್ಲಿ ಮಳೆ ಕೈಕೊಟ್ಟು ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಿದ್ದರು. ನಮ್ಮ ವಿಜಯಪುರದ ಸೀಮೆಯೂ ಅದರಲ್ಲಿ ನಲುಗಿತ್ತು. ಅಂಥ ವರ್ಷವನ್ನು ಮೊದಲೇ ಹೇಳೋಕೆ ಆಗುತ್ತಾ ಅನ್ನುವುದು ವಾಕರ್ ಮುಂದಿದ್ದ ಪ್ರಶ್ನೆ. ಅವರು ಪ್ರಪಂಚದ ಮೂಲೆಮೂಲೆಯಿಂದ ಗಾಳಿಯ ಒತ್ತಡ, ಮಳೆ, ಉಷ್ಣತೆಯ ಲೆಕ್ಕ ಒಟ್ಟುಮಾಡಿದರು. ಹೊನೊಲುಲು, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ. ಕಂಪ್ಯೂಟರ್ ಇಲ್ಲ. ಭಾರತೀಯ ಗುಮಾಸ್ತರು ಕೂತು ಸಾವಿರಾರು ಲೆಕ್ಕ ಕೈಯಲ್ಲೇ ಮಾಡಿದರು. ಕೊನೆಗೆ ಕಂಡದ್ದು ಒಂದು ತಕ್ಕಡಿ. ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತೆ. ಇದಕ್ಕೆ ಅವರು ಸದರ್ನ್ ಆಸಿಲೇಶನ್ ಅಂತ ಹೆಸರಿಟ್ಟರು. ಮುಂದೆ 1969ರಲ್ಲಿ ಯಾಕಬ್ ಬ್ಯರ್ಕ್‌ನೆಸ್ ಎಂಬ ಹವಾಮಾನ ತಜ್ಞರು ಈ ತಕ್ಕಡಿಯನ್ನೂ, ಕೆಲವು ವರ್ಷ ಪೆಸಿಫಿಕ್ ಸಾಗರದಲ್ಲಿ ಕಾಣಿಸಿಕೊಳ್ಳುವ, ಪೆರು ದೇಶದ ಮೀನುಗಾರರು ಎಲ್ ನಿನೊ ಅಂತ ಕರೆಯುತ್ತಿದ್ದ ಬಿಸಿನೀರನ್ನೂ ಜೋಡಿಸಿ ತೋರಿಸಿದರು. ಇವತ್ತು ನಮ್ಮ ಹಳ್ಳಿಯ ಗೊಬ್ಬರದ ಅಂಗಡಿಯವನೂ ಎಲ್ ನಿನೊ ಅನ್ನುತ್ತಾನೆ. ಆದರೆ ಆ ಗುಮಾಸ್ತರ ಹೆಸರು ಎಷ್ಟು ಜನಕ್ಕೆ ಗೊತ್ತು? ಸಿಮ್ಲಾ ಆಫೀಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವಾಗ ನನಗೆ ಇದೇ ನೆನಪಾಗುತ್ತೆ.

ಎಲ್ ನಿನೊ ಬಂತು ಅಂದರೆ ಬರ ಗ್ಯಾರಂಟಿ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. 1997ರಲ್ಲಿ ಶತಮಾನದ ದೊಡ್ಡ ಎಲ್ ನಿನೊಗಳಲ್ಲಿ ಒಂದು ಬಂತು. ನಮ್ಮ ಮುಂಗಾರು ಸರಾಸರಿಯ ಶೇಕಡ 102 ಆಯಿತು. 2002ರ ಎಲ್ ನಿನೊ ಅದಕ್ಕಿಂತ ಎಷ್ಟೋ ಸಣ್ಣದು, ಮಳೆ ಶೇಕಡ 81ಕ್ಕೆ ಬಿತ್ತು. ಯಾಕೆ ಹೀಗೆ? ಉತ್ತರದ ಒಂದು ಭಾಗ ನಮ್ಮದೇ ಸಮುದ್ರದಲ್ಲಿತ್ತು. ಕೆಲವು ವರ್ಷ ಆಫ್ರಿಕಾದ ಕಡೆ ಹಿಂದೂ ಮಹಾಸಾಗರ ಬೆಚ್ಚಗಾಗುತ್ತೆ, ಸುಮಾತ್ರಾದ ಕಡೆ ತಣ್ಣಗಾಗುತ್ತೆ. ಅಂಥ ವರ್ಷ ಎಲ್ ನಿನೊದ ಪೆಟ್ಟು ನಮಗೆ ಕಡಿಮೆ ತಾಗಬಹುದು. 1997ರಲ್ಲಿ ಹಾಗೇ ಇತ್ತು. 1999ರಲ್ಲಿ ಇದನ್ನು ನೇಚರ್ ಪತ್ರಿಕೆಯಲ್ಲಿ ಬರೆದವರು ನಾಲ್ಕು ಜನ: ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ. ಮೂವರು ನಮ್ಮವರು, ಒಬ್ಬರು ಜಪಾನಿನವರು. ಗೋಸ್ವಾಮಿ ಅವರು ಮುಂದೆ ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ನಿರ್ದೇಶಕರಾದರು. ಸಮುದ್ರ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಆಗುವ ಇದನ್ನು ಇಂಡಿಯನ್ ಓಶನ್ ಡೈಪೋಲ್ ಅನ್ನುತ್ತಾರೆ. ಅತ್ತೆಯ ಮನೆಗೆ ನೀರು ನುಗ್ಗಿದ 2019ರಲ್ಲಿ ಇದೇ ಡೈಪೋಲ್ ತುಂಬಾ ಜೋರಾಗಿತ್ತು, ದೇಶದ ಮುಂಗಾರು ಶೇಕಡ 110 ಆಯಿತು.

ಜಪಾನದವ್ರು ಯಾಕ ಬೇಕ ಅಂದಿದ್ದ ಕಾಕಾಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಅಲ್ಲೆ, ರೋಹಿಣಿ ಮಳಿ ಆದ್ರ ಓಣಿಯೆಲ್ಲಾ ಜ್ವಾಳ ಅಂತ ನಮ್ಮ ಹಿರ್ಯಾರೂ ಹೇಳ್ಯಾರಲ್ಲ." ಹೇಳಿದ್ದಾರೆ. ಆ ಮಾತೂ ಹತ್ತಾರು ತಲೆಮಾರಿನ ರೈತರು ನೋಡಿದ್ದನ್ನು ಒಟ್ಟುಮಾಡಿ ಬಂದದ್ದೇ. ಒಬ್ಬನ ಹೊಲ ನೋಡಿ ಯಾರೂ ಗಾದೆ ಕಟ್ಟಿಲ್ಲ.

ಇನ್ನು ನಾವು ಬರೀ ಕೊಡುತ್ತೇವಾ, ಬರೀ ತಗೋತೇವಾ? ಎರಡೂ ಇದೆ. ಮಳೆಗಾಲದ ಮುನ್ಸೂಚನೆಗೆ ಅಮೆರಿಕದ ಒಂದು ಮಾಡೆಲ್, ಅಂದರೆ ಹವಾಮಾನದ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ತಂದು, 2012ರಲ್ಲಿ ಶುರುವಾದ ಮಾನ್ಸೂನ್ ಮಿಷನ್‌ನಲ್ಲಿ ಪಾಷಾಣದ ಆ ಸಂಸ್ಥೆಯವರು ಅದನ್ನು ನಮ್ಮ ಮುಂಗಾರಿಗೆ ತಕ್ಕ ಹಾಗೆ ತಿದ್ದಿದರು. ಇತ್ತ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಸುತ್ತಲಿನ ದೇಶಗಳಿಗೆ ಎಚ್ಚರಿಕೆ ಕಳಿಸುವುದು ನಮ್ಮ ದೆಹಲಿಯ ಕೇಂದ್ರ. ಆ ಚಂಡಮಾರುತಗಳ ಹೆಸರುಗಳನ್ನು 13 ದೇಶ ಸೇರಿ ಕೊಟ್ಟಿವೆ. 2020ರ ಜೂನ್ 3ರಂದು ಅಲಿಬಾಗ್ ಹತ್ತಿರ ನೆಲ ಮುಟ್ಟಿ, ಪುಣೆಯಲ್ಲೂ ಮರ ಉರುಳಿಸಿದ ನಿಸರ್ಗ ಚಂಡಮಾರುತಕ್ಕೆ ಹೆಸರು ಕೊಟ್ಟದ್ದು ಬಾಂಗ್ಲಾದೇಶ. ಮರುವರ್ಷ ಗೋವಾ, ಮುಂಬೈ ಕಡಲನ್ನು ಕಲಕಿದ ತೌತೆ ಮ್ಯಾನ್ಮಾರ್ ಕೊಟ್ಟ ಹೆಸರು.

ಬಿಟ್ಟಿ ಯಾಕೆ ಅನ್ನುವವರಿಗೆ ಒಂದು ಮಾತು. ಲೆಕ್ಕ ಕೊಟ್ಟರೆ ಖಾಲಿಯಾಗುವ ಕಾಳಲ್ಲ. ಕೊಟ್ಟ ಮೇಲೂ ನಮ್ಮ ಹತ್ತಿರ ಇದ್ದೇ ಇರುತ್ತೆ. ಸಮುದ್ರದಲ್ಲಿ ಆರ್ಗೊ ಅಂತ ಸುಮಾರು 4000 ತೇಲುವ ಯಂತ್ರಗಳಿವೆ. ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳದಿಂದ ಮೇಲೆ ಬರುತ್ತಾ ನೀರಿನ ಬಿಸಿ, ಉಪ್ಪು ಅಳೆದು, ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತವೆ. ಒಂದೊಂದು ದೇಶ ಅಷ್ಟಿಷ್ಟು ಹಾಕಿದೆ, ಭಾರತವೂ ಹಾಕಿದೆ. ಲೆಕ್ಕ ಮಾತ್ರ ಎಲ್ಲರಿಗೂ, ಆ ದಿನವೇ. ಕಾಲೇಜು ಹುಡುಗರೂ ಇಳಿಸಿಕೊಳ್ಳಬಹುದು. ನಾವು ಕೆಲವು ಹಾಕಿ ಪೂರ್ತಿ ಸಮುದ್ರದ ಲೆಕ್ಕ ಪಡೆಯುತ್ತೇವೆ. ನಮ್ಮಲ್ಲಿ ಮುಯ್ಯಾಳು ಅಂತ ಇದೆಯಲ್ಲ, ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಹಾಗೇ ಇದು.

ಆದರೆ ಮುಯ್ಯಾಳು ಮುರಿದುಬೀಳುವುದೂ ಇದೆ. ಅದೇ ನನಗೆ ಭಯ. ಎಲ್ ನಿನೊ ಅಳೆಯಲು ಪೆಸಿಫಿಕ್‌ನಲ್ಲಿ ಸಾಲಾಗಿ ಲಂಗರು ಹಾಕಿ ನಿಲ್ಲಿಸಿದ್ದ, ಅಳತೆಯ ಯಂತ್ರ ಹೊತ್ತು ತೇಲುವ ಹತ್ತಾರು ಬೋಯ್‌ಗಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ಹಡಗನ್ನು 2012ರಲ್ಲಿ ಖರ್ಚು ಉಳಿಸಲು ನಿಲ್ಲಿಸಿದರು. ಎರಡೇ ವರ್ಷದಲ್ಲಿ ಅಲ್ಲಿಂದ ಬರುವ ಲೆಕ್ಕ ಶೇಕಡ 40ರ ಹತ್ತಿರಕ್ಕೆ ಇಳಿಯಿತು. 2025ರಲ್ಲಿ ಅಮೆರಿಕದ ಕೆಲವು ಕೇಂದ್ರಗಳಲ್ಲಿ ಸಿಬ್ಬಂದಿ ಸಾಲದೆ ಬಲೂನು ಹಾರಿಸುವುದೇ ನಿಂತಿತು. ಶ್ರೀಮಂತ ದೇಶ ಹೀಗೆ ಮಾಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಬಡ ದೇಶಗಳ ಮಾತು ಬೇರೆ. ಆಫ್ರಿಕಾದ ಎಷ್ಟೋ ಕಡೆ ಬಲೂನು ಬಿಡಲು ದುಡ್ಡೇ ಇಲ್ಲ. ಅಂಥವರಿಗೆ ನೆರವಾಗಲು 2021ರಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಒಂದು ನಿಧಿ ಶುರುವಾಗಿದೆ. ಅದಕ್ಕೆ ನಾವೂ ಕೈಜೋಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಗಾಳಿಯ ಮೇಲಿನ ಊರಿನವರು ಅವರು, ಅಲ್ವಾ?

ಕೊನೆಗೆ ಒಂದು ಕೋರಿಕೆ. ಮಲ್ಪೆ, ಕಾರವಾರ, ವಾಸ್ಕೋ ಕಡೆಯ ಬೋಟಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ. ಆಳ ಸಮುದ್ರದಲ್ಲಿ ಹಳದಿ ಬಣ್ಣದ ದೊಡ್ಡ ಬೋಯ್ ಕಂಡರೆ, ಅದರ ನೆರಳಿಗೆ ಮೀನು ಸೇರುತ್ತೆ, ನನಗೂ ಗೊತ್ತು. ಬಲೆ ಸ್ವಲ್ಪ ದೂರದಲ್ಲಿ ಬಿಡಿ. ಅದಕ್ಕೆ ಬೋಟು ಕಟ್ಟಬೇಡಿ, ಮೇಲಿನ ಪೆಟ್ಟಿಗೆ, ತಂತಿ ಬಿಚ್ಚಬೇಡಿ. ಒಂದು ಬೋಯ್ ಕೆಟ್ಟರೆ ಹಡಗು ಹೋಗಿ ಸರಿಮಾಡುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಅಷ್ಟೂ ದಿನ ಆ ಜಾಗದ ಲೆಕ್ಕ ನಮಗೂ ಇಲ್ಲ, ಬೇರೆ ಯಾರಿಗೂ ಇಲ್ಲ.