ಮಿಕ್ಸರ್ ಮುಂದೆ ಕೂತು ಕೇಳಿದ ನಾಟಕಗಳು

ಶಾಲೆಯ ವಾರ್ಷಿಕೋತ್ಸವದ ನಾಟಕ ಎಂದರೆ ನನ್ನ ಗೆಳೆಯರಿಗೆ ಬಣ್ಣ, ಕಿರೀಟ, ಪರದೆ ನೆನಪಾಗುತ್ತವೆ. ನನಗೆ ನೆನಪಾಗುವುದು ಮಿಕ್ಸರ್, ಅಂದರೆ ಎಲ್ಲ ಮೈಕುಗಳ ದನಿ ಏರಿಸಿ ಇಳಿಸುವ ಪೆಟ್ಟಿಗೆ, ಅದರ ಮೇಲೆ ಅಂಟಿಸಿದ ಕಾಗದದ ಪಟ್ಟಿ. ಆ ಪಟ್ಟಿಯ ಮೇಲೆ ‘ಏಕಲವ್ಯ’, ‘ದ್ರೋಣ’, ‘ನಡುವಿನ ಮೈಕ್’, ‘ಹಾಡು’ ಎಂದು ಬರೆದಿರುತ್ತಿದ್ದೆವು. ಹೈಸ್ಕೂಲಿನಲ್ಲಿ ಇದ್ದಷ್ಟು ದಿನ ನಾನು ಒಂದೂ ಪಾತ್ರ ಮಾಡಲಿಲ್ಲ. ಆದರೆ ಎಲ್ಲರ ಮಾತೂ ನನಗೆ ಬಾಯಿಪಾಠ ಇತ್ತು. ಮೈಕ್ ನೋಡಿಕೊಳ್ಳುವವನಿಗೆ ಅದು ಬರಲೇಬೇಕು.

ಮೈಕ್ ಸೆಟ್ ಬರುತ್ತಿದ್ದದ್ದು ಶಾಮಿಯಾನದ ಅಂಗಡಿಯಿಂದ. ಅಹುಜಾ ಆಂಪ್ಲಿಫೈಯರ್, ಉದ್ದನೆಯ ಎರಡು ಕಾಲಂ ಸ್ಪೀಕರ್, ಎಂಟು ಚಾನೆಲ್‌ನ ಮಿಕ್ಸರ್. ಭಾಷಣಕ್ಕೆ ಇದು ಧಾರಾಳ ಸಾಕು. ನಾಟಕದ ಕಥೆಯೇ ಬೇರೆ. ಭಾಷಣ ಮಾಡುವವರು ಮೈಕಿನ ಹತ್ತಿರ ಬರುತ್ತಾರೆ. ಪಾತ್ರ ಮಾಡುವವನು ಓಡುತ್ತಾನೆ, ಕೂರುತ್ತಾನೆ, ಬೆನ್ನು ತಿರುಗಿಸಿ ಅಳುತ್ತಾನೆ. ಬಾಯಿಗೂ ಮೈಕಿಗೂ ಇರುವ ದೂರ ಎರಡು ಪಟ್ಟಾದರೆ ಮೈಕಿಗೆ ಸಿಗುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ (ಡೆಸಿಬಲ್ ಎಂದರೆ ದನಿಯ ಮಟ್ಟದ ಅಳತೆ). ಅದಕ್ಕೆಂದು ವಾಲ್ಯೂಮ್ ಏರಿಸಿದರೆ ಸ್ಪೀಕರಿನ ದನಿಯೇ ತಿರುಗಿ ಮೈಕಿಗೆ ಹೊಕ್ಕು, ಇಡೀ ಹಾಲ್ ಕಿವಿ ಮುಚ್ಚಿಕೊಳ್ಳುವಂತೆ ಕುಂಯ್ ಎನ್ನುತ್ತದೆ.

ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಪಾಠದ ಹಾಗೆ ಹೇಳಲಿಲ್ಲ, ಪಕ್ಕದಲ್ಲಿ ಕೂತು ಮಾಡಿ ತೋರಿಸಿದರು. ತೆರೆದ ಮೈಕುಗಳು ಎರಡು ಪಟ್ಟಾದಾಗಲೆಲ್ಲ, ಕಿರುಚಾಟವಿಲ್ಲದೆ ಏರಿಸಬಹುದಾದ ದನಿ ಸುಮಾರು 3 ಡೆಸಿಬಲ್ ಕಡಿಮೆಯಾಗುತ್ತದೆ. ಹಾಗಾಗಿ ಮಾತು ಯಾರದೋ ಅವರ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಮಾತ್ರ ಮೇಲೆ, ಉಳಿದವು ಕೆಳಗೆ. ಅವರು ಬಾಯಿ ತೆರೆದ ಮೇಲೆ ಏರಿಸಿದರೆ ಮೊದಲ ಪದವೇ ಹೋಗಿಬಿಡುತ್ತದೆ. ಉಸಿರು ಎಳೆದುಕೊಳ್ಳುವಾಗಲೇ ಬೆರಳು ಸರಿಯಬೇಕು. ಅದಕ್ಕೇ ನಾಟಕದ ಪ್ರತಿಯಲ್ಲಿ ಕೆಂಪು ಶಾಯಿಯಲ್ಲಿ ಏರಿಸುವ ಜಾಗ, ನೀಲಿಯಲ್ಲಿ ಇಳಿಸುವ ಜಾಗ ಗುರುತು ಮಾಡುತ್ತಿದ್ದೆ.

ಪುರಾಣದ ನಾಟಕಗಳಲ್ಲಿ ಕಾಲರ್ ಮೈಕ್ ಬಹಳ ಕಾಡುತ್ತಿತ್ತು. ಎದೆಗೆ ಸಿಕ್ಕಿಸಿದರೆ ಮಣಿಸರ ತಾಗಿ ಕರಕರ ಸದ್ದು. ಕೊನೆಗೆ ಕಿರೀಟದ ಅಂಚಿನ ಕೆಳಗೆ, ಹಣೆಯ ಕೂದಲಿನ ಹತ್ತಿರ, ಪ್ಲಾಸ್ಟರ್ ಹಚ್ಚಿ ಕೂರಿಸಿದೆವು. ತಲೆ ಎತ್ತ ತಿರುಗಿದರೂ ಬಾಯಿಯ ದೂರ ಬದಲಾಗುವುದಿಲ್ಲ, ನೋಡಿ. ಬಣ್ಣದ ಕೋಣೆಯಲ್ಲಿ ಮೇಕಪ್ ಮಾಡುವವರು ಇದಕ್ಕೆಂದೇ ಜಾಗ ಬಿಡುತ್ತಿದ್ದರು. ಲೈಟಿನ ಬೆಳಕು ತಗ್ಗಿಸುವ ಡಿಮ್ಮರ್ ಅರ್ಧಕ್ಕೆ ಇಳಿದಾಗ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿತ್ತು. ಮೈಕಿನ ವೈರನ್ನು ಲೈಟಿನ ವೈರಿನಿಂದ ದೂರ ಎಳೆದ ಮೇಲೆ ಅದೂ ಕಡಿಮೆಯಾಯಿತು.

ಬೇಸ್, ಅಂದರೆ ದನಿಯ ದಪ್ಪ ಭಾಗ, ಜಾಸ್ತಿ ಮಾಡಿದರೆ ದ್ರೋಣರ ದನಿ ಗಂಭೀರವಾಗಿ ಕೇಳುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಗಂಭೀರವೇನೋ ಹೌದು, ಮಾತು ಮಾತ್ರ ಅರ್ಥವಾಗುವುದಿಲ್ಲ. ಸ, ಶ, ಚ ಬಿಡಿಬಿಡಿಯಾಗಿ ಕೇಳಬೇಕಾದರೆ ಸೆಕೆಂಡಿಗೆ 2000 ಕಂಪನ, ಅಂದರೆ 2000 ಹರ್ಟ್ಸ್‌ನಿಂದ ಮೇಲಿನ ಭಾಗ ಉಳಿಯಬೇಕು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಬಿಟ್ಟರೆ ಹಲಗೆಯ ಮೇಲಿನ ಕಾಲಿನ ಸದ್ದೂ ತಗ್ಗುತ್ತದೆ. ನನ್ನ ಮಟ್ಟಿಗೆ ನಾಟಕದ ಸೌಂಡ್ ಎಂದರೆ ಮಾತು ಕೇಳುವುದು. ದೊಡ್ಡ ಸದ್ದು ಆಮೇಲಿನದು.

ಇದನ್ನು ನನಗೆ ನಿಜವಾಗಿ ಕಲಿಸಿದ್ದು ಏಕಲವ್ಯನ ತಾಯಿಯ ಪಾತ್ರ ಮಾಡಿದ ಹುಡುಗಿ. ಅವಳದು ಬಹಳ ಮೆಲುದನಿ. ಮಗನ ಕತ್ತರಿಸಿದ ಬೆರಳು ನೋಡಿ ಅವಳು ಹೇಳಬೇಕಾದದ್ದು ಒಂದೇ ಸಾಲು. ಜೋರಾಗಿ ಹೇಳು ಎಂದರೆ ಹೇಳುತ್ತಿದ್ದಳು, ಆದರೆ ಅಳು ಅದರಲ್ಲಿ ಇರುತ್ತಿರಲಿಲ್ಲ. ಪಾತ್ರ ಬೇರೆಯವರಿಗೆ ಕೊಡೋಣ ಎಂಬ ಮಾತೂ ಬಂತು. ನಾನು ನಾಟಕದ ಮೇಷ್ಟ್ರ ಹತ್ತಿರ ಹೋಗಿ, “ಸರ್, ಗುಡಿಸಲನ್ನ ಎರಡು ಹೆಜ್ಜೆ ಮುಂದೆ ತಂದರೆ ಸಾಕು, ಅವಳು ನಡುವಿನ ಮೈಕಿನ ಹತ್ತಿರ ಬರ್ತಾಳೆ,” ಎಂದೆ. ಅವರು ಗುಡಿಸಲನ್ನು ತಂದರು. ಹಾರ್ಮೋನಿಯಂ ಮೇಷ್ಟ್ರು ಆ ಸಾಲಿನ ಹೊತ್ತಿಗೆ ನುಡಿಸುವುದನ್ನು ನಿಲ್ಲಿಸಲು ಒಪ್ಪಿದರು. ನಾನು ಉಳಿದ ಮೈಕುಗಳನ್ನೆಲ್ಲ ಇಳಿಸಿ ಅದೊಂದನ್ನೇ ಮೇಲೆ ತಂದೆ. ಆ ರಾತ್ರಿ ಅವಳು ಕೂಗಲಿಲ್ಲ. ಕೊನೆಯ ಬೆಂಚಿನ ಹಿಂದೆ ನಿಂತಿದ್ದ ಅಮ್ಮಂದಿರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಶಾಲೆಯಲ್ಲಿ ಸಿಗಲಿಲ್ಲ.

ಈಗ ನಮ್ಮ ಶಾಲೆಗೆ ಹೊಸ ಸಭಾಂಗಣ ಬರುತ್ತಿದೆ ಎಂದು ಕೇಳಿ ಖುಷಿಯಾಯಿತು. ಅಲ್ಲಿ ಮಿಕ್ಸರ್‌ಗೆ ರಂಗದ ಪಕ್ಕದ ಕೋಣೆಯಲ್ಲಿ ಜಾಗ ಕೊಡಬೇಡಿ, ಪ್ರೇಕ್ಷಕರ ನಡುವೆ ಕೊಡಿ. ಜನ ಕೇಳುವುದನ್ನೇ ಮಿಕ್ಸರ್ ಮುಂದೆ ಕೂತವರೂ ಕೇಳಬೇಕು ಅಲ್ವಾ? ಖಾಲಿ ಹಾಲಿನಲ್ಲಿ ಗುಂಯ್‌ಗುಡುವ ದನಿ ಜನ ತುಂಬಿದ ಮೇಲೆ ಬೇರೆಯೇ ಆಗುತ್ತದೆ. ಮೈಕ್ ನೋಡಿಕೊಳ್ಳುವ ಮಕ್ಕಳನ್ನು ಕೊನೆಯ ದಿನ ಕರೆಯದೆ ಮೊದಲ ರಿಹರ್ಸಲ್‌ನಿಂದಲೇ ಕೂರಿಸಿಕೊಳ್ಳಿ. ಕರೆಪತ್ರದಲ್ಲಿ ಪಾತ್ರಧಾರಿಗಳ ಜೊತೆ ಅವರ ಹೆಸರೂ ಇರಲಿ.